ಅಳಿವೆಯ ನೀರಿನ ತಪಾಸಣೆಗೆ ಚಿಪ್ಪಿಕಲ್ಲೂ ಬೇಕು

ಮಾನ್ಯರೇ,

ಪಶ್ಚಿಮಕ್ಕೆ ಹರಿಯುವ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸಿ ಗದಗ, ಹಾವೇರಿ ಕಡೆಗೆ ಒಯ್ಯುವ ಬೇಡ್ತಿ–ವರದಾ ನದಿ ಜೋಡಣೆಯ ಪರ–ವಿರೋಧದ ವಾದಗಳಲ್ಲಿ ನದಿ ಸಮುದ್ರ ಸೇರುವ ಜಾಗದ, ಅಂದರೆ ಅಳಿವೆಯ, ಪ್ರಸ್ತಾಪ ಅಪರೂಪ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿ ಬಳಿ ಬೇಡ್ತಿಯನ್ನು ಕೂಡುತ್ತದೆ. ಆ ನೀರು ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿ ಎನಿಸಿಕೊಂಡು, ಅಂಕೋಲಾ ತಾಲ್ಲೂಕಿನ ಮಂಜಗುಣಿ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ಕಡೆಯ ಪಶ್ಚಿಮದ ಇಳಿಜಾರಿನಲ್ಲಿ ಹೊಲ, ಹಳ್ಳಗಳನ್ನು ತೊಳೆದುಕೊಂಡು ಹೋದ ನೀರು ಕೊನೆಗೆ ನಿಲ್ಲುವುದು ಆ ಅಳಿವೆಯಲ್ಲಿ. ಅಲ್ಲಿನ ನೀರು ಹೇಗಿದೆ ಎಂದು ಕೇಳಬೇಕಾದವರಲ್ಲಿ ಧಾರವಾಡದವರೂ ಇದ್ದೇವೆ.

ಬಾಟಲಿಯಲ್ಲಿ ಮಾದರಿ ತುಂಬಿ ಪಿಎಚ್, ಕರಗಿದ ಆಮ್ಲಜನಕ, ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ), ಕೋಲಿಫಾರ್ಮ್ (ಮಲದ ಕಲ್ಮಶ ಸೂಚಿಸುವ ಬ್ಯಾಕ್ಟೀರಿಯಾ) ಅಳೆಯುವುದು ನಡೆದುಬಂದ ಪದ್ಧತಿ, ಅದು ಬೇಕು ಕೂಡ. ಆದರೆ ದಿನಕ್ಕೆರಡು ಸಲ ಉಬ್ಬರವಿಳಿತ ಕಾಣುವ ಅಳಿವೆಯಲ್ಲಿ ಬೆಳಿಗ್ಗೆ ತುಂಬಿದ ಬಾಟಲಿ ಸಂಜೆಯ ನೀರಿನ ಬಗ್ಗೆ ಹೆಚ್ಚೇನೂ ಹೇಳದು. ರಾತ್ರಿ ಯಾರೋ ಹರಿಯಬಿಟ್ಟ ತ್ಯಾಜ್ಯ ಬಾಟಲಿ ಬರುವ ಮೊದಲೇ ಕಡಲು ಸೇರಿರುತ್ತದೆ. ಚಿಪ್ಪಿಕಲ್ಲು, ಬಳಚಿನಂತಹ ಎರಡು ಚಿಪ್ಪಿನ ಜೀವಿಗಳಾದರೆ ಇದ್ದಲ್ಲೇ ಇದ್ದು, ಕಿವಿರುಗಳ ಮೂಲಕ ದಿನವಿಡೀ ನೀರು ಹಾಯಿಸಿ ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತವೆ. ಹಾಗೆ ತಿನ್ನುವಾಗ ಕ್ಯಾಡ್ಮಿಯಂ, ಸೀಸ, ಪಾದರಸದಂತಹ ಲೋಹಗಳೂ ಕೆಲವು ಕೀಟನಾಶಕಗಳೂ ಅವುಗಳ ಮಾಂಸದಲ್ಲಿ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಕೂಡಿಕೊಳ್ಳುತ್ತವೆ. ಹಲವು ವಾರಗಳ ಲೆಕ್ಕ ಒಂದು ಹಿಡಿ ಚಿಪ್ಪಿನಲ್ಲಿ ಸಿಗುತ್ತದೆ. ಅಮೆರಿಕದ ಸಾಗರ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಮುಂದಿಟ್ಟ ಈ ಆಲೋಚನೆಯನ್ನು ಅಲ್ಲಿನ ಸಾಗರ ಸಂಸ್ಥೆ ನೋವಾ 1986ರಲ್ಲಿ ‘ಮಸಲ್ ವಾಚ್’ (ಚಿಪ್ಪಿಕಲ್ಲಿನ ಕಾವಲು) ಎಂಬ ಹೆಸರಿನಲ್ಲಿ ಜಾರಿಗೆ ತಂದಿತು.

ತಳದ ಕೆಸರನ್ನು ಜಾಲಿಸಿದರೂ ಉತ್ತರ ಸಿಗುತ್ತದೆ. ಕೊಳಚೆ ಹೆಚ್ಚಿ ಆಮ್ಲಜನಕ ಕುಗ್ಗಿದಲ್ಲಿ ಬಗೆಬಗೆಯ ಜೀವಿಗಳು ಒಂದೊಂದಾಗಿ ಕಾಣೆಯಾಗಿ, ಕೆಂಪು ದಾರದಂತಹ ಕ್ಯಾಪಿಟೆಲ್ಲಾ ಹುಳುಗಳೇ ತುಂಬಿಕೊಳ್ಳುತ್ತವೆ.

ಈ ವಿಧಾನಕ್ಕೂ ಮಿತಿಗಳಿವೆ ಎಂಬುದನ್ನು ಮರೆಯಬಾರದು. ಮಳೆಗಾಲದ ನೆರೆಯಲ್ಲಿ ಅಳಿವೆಯ ಉಪ್ಪಿನಂಶ ಇಳಿದಾಗ ಚಿಪ್ಪುಗಳು ಬಿಗಿಯಾಗಿ ಮುಚ್ಚಿಕೊಂಡು ಕೂರುತ್ತವೆ, ಎಷ್ಟೋ ಸಾಯುತ್ತವೆ. ಅದನ್ನು ಮಾಲಿನ್ಯದ ಲೆಕ್ಕಕ್ಕೆ ಬರೆದರೆ ವರದಿ ದಾರಿ ತಪ್ಪುತ್ತದೆ. ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ಗಾತ್ರದ ಚಿಪ್ಪುಗಳನ್ನು, ಅದೇ ಜಾಗದಿಂದ, ಪ್ರತಿ ವರ್ಷ ಅದೇ ಋತುವಿನಲ್ಲಿ ಆರಿಸಿದರಷ್ಟೇ ಹೋಲಿಕೆಗೆ ಬೆಲೆ. ಒಂದು ಸಲ ಮಾಡಿ ಕಡತದಲ್ಲಿಡುವ ಸಮೀಕ್ಷೆ, ನಮ್ಮಲ್ಲಿ ಬಹುತೇಕ ಸಮೀಕ್ಷೆಗಳ ಗತಿ ಅದೇ, ಇಲ್ಲಿ ಉಪಯೋಗಕ್ಕೆ ಬರದು.

2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿದು ರಾಶಿ ಮಣ್ಣು ಗಂಗಾವಳಿಯ ಪಾತ್ರಕ್ಕೆ ಬಿತ್ತು. ಆ ಮಣ್ಣಿನಡಿ ನದಿತಳದ ಜೀವಿಗಳಿಗೆ ಏನಾಯಿತು ಎಂದು ಹೇಳಲು ಅದಕ್ಕಿಂತ ಹಿಂದಿನ ವರ್ಷಗಳ ದಾಖಲೆ ಬೇಕು. ನದಿ ಜೋಡಣೆಗೂ ಇದೇ ಮಾತು ಸಲ್ಲುತ್ತದೆ. ಯೋಜನೆ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಗದಗ, ಹಾವೇರಿಯ ರೈತರ ನೀರಿನ ಬವಣೆ ಬಲ್ಲೆ. ಆದರೆ ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾದಷ್ಟೂ ಕಡಲಿನ ಉಪ್ಪು ಒಳಕ್ಕೆ ಏರಿ ಬಳಚುಗಳ ನೆಲೆ ಬದಲಾಗುತ್ತದೆ, ಅದರ ಪೆಟ್ಟು ತಾಗುವುದು ಬಳಚು ಹೆಕ್ಕಿ ಸಂಸಾರ ನಡೆಸುವ ಮಹಿಳೆಯರಿಗೆ.

ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಕಾರವಾರದ ಕೋಡಿಬಾಗದಲ್ಲೇ ಇದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದರ ನೆರವು ಪಡೆದು, ಗಂಗಾವಳಿ ಅಳಿವೆಯ ಚಿಪ್ಪಿಕಲ್ಲು ಮತ್ತು ಕೆಸರಿನ ಜೀವಿಗಳ ವಾರ್ಷಿಕ ತಪಾಸಣೆಯನ್ನು ಯೋಜನೆಯ ಯಾವುದೇ ಕಾಮಗಾರಿಗೆ ಮೊದಲೇ ಆರಂಭಿಸಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಬರೆಸಿ ದಂಡೆಯ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಹಚ್ಚಬೇಕು, ಒಂದು ಪ್ರತಿಯನ್ನು ಕಲಘಟಗಿಯ ತಾಲ್ಲೂಕು ಪಂಚಾಯಿತಿಗೂ ಕಳಿಸಬೇಕು.

– ನಿವೃತ್ತ ವಿಜ್ಞಾನ ಶಿಕ್ಷಕ, ಧಾರವಾಡ