ಮಠದ ಆವರಣ ಪ್ರಚಾರಕ್ಕಲ್ಲ

ಮಾನ್ಯರೇ,

ಮಠಾಧೀಶರು ಚುನಾವಣೆಗೆ ನಿಲ್ಲುವುದನ್ನು ಸಂವಿಧಾನ ತಡೆಯುವುದಿಲ್ಲ. 2024ರಲ್ಲಿ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ ಸ್ವಾಮೀಜಿಯೊಬ್ಬರು ನಾಮಪತ್ರ ಸಲ್ಲಿಸಿ, ಬಳಿಕ ಹಿಂಪಡೆದಿದ್ದರು. ಆದರೆ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಗೆಂದೇ 1988ರಲ್ಲಿ ಬಂದ ಕಾಯ್ದೆಯು ಅವುಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು ನಿಷೇಧಿಸಿದೆ. ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದರ ಮೇಲಿನ ನಿರ್ಬಂಧವು ಅಭ್ಯರ್ಥಿಯ ಧರ್ಮಕ್ಕಷ್ಟೇ ಅಲ್ಲ, ಮತದಾರರ ಧರ್ಮಕ್ಕೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿದೆ. ಹೀಗಿದ್ದೂ ಟಿಕೆಟ್ ಹಂಚಿಕೆಯ ಹೊತ್ತಿಗೆ ಆಕಾಂಕ್ಷಿಯನ್ನು ಪೀಠದ ಪಕ್ಕದಲ್ಲೇ ಕೂರಿಸಿ, ಶಾಲು ಹೊದಿಸಿ, ‘ನಮ್ಮವರನ್ನು ಗೆಲ್ಲಿಸಿ’ ಎಂದು ಭಕ್ತರಿಗೆ ಹೇಳುವ ಪರಿಪಾಠ ನಿಂತಿಲ್ಲ. ದರ್ಶನಕ್ಕೆ ಬಂದ ಭಕ್ತನಿಗೆ ಗುರುವಿನ ಆ ಮಾತು ಸಲಹೆಯಲ್ಲ, ಅಪ್ಪಣೆ. ಸ್ಪರ್ಧಿಸಬಯಸುವ ಸ್ವಾಮೀಜಿಗಳು ಮೊದಲು ಪೀಠ ತ್ಯಜಿಸಲಿ; ಮಠಗಳೊಳಗಿನ ಪ್ರಚಾರದ ವಿರುದ್ಧ ಚುನಾವಣಾ ಅಧಿಕಾರಿಗಳು, ಯಾರ ದೂರಿಗೂ ಕಾಯದೆ, ಪ್ರಕರಣ ದಾಖಲಿಸಲಿ.

– ಓದುಗ, ಹಾವೇರಿ