ಒಂದೇ ಸೀಟು ಎಂದು ಕೈಚೆಲ್ಲಬೇಡಿ

ಮಾನ್ಯ ಸಂಪಾದಕರೇ,

ಬೇಡ್ತಿ ಹೊಳೆಯ ನೀರನ್ನು ವರದಾ ನದಿಗೆ ತಿರುಗಿಸುವ ಬೇಡ್ತಿ–ವರದಾ ನದಿ ಜೋಡಣೆಯ ಮಾತು ಬಂದಾಗಲೆಲ್ಲ ನಮ್ಮ ಉತ್ತರ ಕನ್ನಡದ ಕಡೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: 'ನಮ್ಮದು ಒಂದೇ ಎಂಪಿ ಸೀಟು, ದಿಲ್ಲಿಯಲ್ಲಿ ಯಾರು ಕೇಳ್ತಾರೆ?' ಅವರು ಬ್ರಿಟನ್ನಿನ ವೇಲ್ಸ್ ನಾಡಿನ ಕಾರ್ಮಾರ್ಥೆನ್ ಉಪಚುನಾವಣೆಯ ಕತೆ ತಿಳಿಯಬೇಕು.

ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಿತ್ತು. ಅದಕ್ಕಾಗಿ ಪಕ್ಕದ ವೇಲ್ಸ್‌ನಲ್ಲಿ ಅಣೆಕಟ್ಟು ಕಟ್ಟಲು 1957ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಒಪ್ಪಿತು. ವೇಲ್ಸ್‌ನ ಒಬ್ಬ ಎಂಪಿಯೂ ಪರವಾಗಿ ಮತ ಹಾಕಲಿಲ್ಲ. ಆದರೂ ಮಸೂದೆ ಪಾಸಾಯಿತು. 1965ರ ಹೊತ್ತಿಗೆ ಕಾಪೆಲ್ ಕೆಲಿನ್ ಎಂಬ ಹಳ್ಳಿಯೇ ಇಲ್ಲವಾಯಿತು. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ, ಮನೆಗಳು, ಎಲ್ಲ ನೀರಿನಡಿ. ಕೆಲವರು ತಮ್ಮವರ ಗೋರಿ ಅಗೆಸಿ ಹೆಣಗಳನ್ನು ಬೇರೆಡೆ ಒಯ್ದರು. ಉಳಿದ ಸ್ಮಶಾನಕ್ಕೆ ಕಾಂಕ್ರೀಟ್ ಸುರಿದು ಮುಚ್ಚಿದರು. ಅಣೆಕಟ್ಟಿನ ನೀರಲ್ಲಿ ಸೂಪಾ ಊರು ಮುಳುಗಿದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮರುವರ್ಷ ಕಾರ್ಮಾರ್ಥೆನ್‌ನ ಎಂಪಿ, ಲೇಬರ್ ಪಕ್ಷದ ಮೇಗನ್ ಲಾಯ್ಡ್ ಜಾರ್ಜ್ ತೀರಿಕೊಂಡರು. ಉಪಚುನಾವಣೆಗೆ ವೇಲ್ಸ್‌ನ ಪ್ರಾದೇಶಿಕ ಪಕ್ಷವಾದ ಪ್ಲೈಡ್ ಕಮ್ರಿಯಿಂದ ಅದರ ಅಧ್ಯಕ್ಷ ಗ್ವಿನ್‌ವರ್ ಇವಾನ್ಸ್ ನಿಂತರು. ಟೊಮೆಟೊ ಬೆಳೆದು ಮಾರುತ್ತಿದ್ದ ಮನುಷ್ಯ. ಅದೇ ವರ್ಷ ಮಾರ್ಚ್‌ನಲ್ಲಿ ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ಮೂರನೇ ಸ್ಥಾನಕ್ಕೆ ಬಿದ್ದಿದ್ದರು. 1966ರ ಜುಲೈ 14ರಂದು 16,179 ಮತ ಪಡೆದು, 2,436 ಮತಗಳ ಅಂತರದಿಂದ ಗೆದ್ದರು. ಆ ಪಕ್ಷಕ್ಕೆ ಅದೇ ಮೊದಲ ಸೀಟು. ಅಣೆಕಟ್ಟು ಇದ್ದದ್ದು ಬೇರೆ ಕ್ಷೇತ್ರದಲ್ಲಿ. ಗೆಲುವಿಗೆ ಅದೊಂದೇ ಕಾರಣವೂ ಅಲ್ಲ. ಭಾಷೆ ಅಳಿಯುವ ಭಯ, ಗಣಿಗಳು ಮುಚ್ಚುವ ಚಿಂತೆ, ಸರ್ಕಾರದ ಮೇಲಿನ ಬೇಸರ ಎಲ್ಲ ಸೇರಿತ್ತು. ಆದರೆ ಮುಳುಗಿದ ಹಳ್ಳಿಯ ನೋವು ಇಡೀ ವೇಲ್ಸ್‌ನದಾಗಿತ್ತು.

ಸದನದಲ್ಲಿ ಇವಾನ್ಸ್ ತಮ್ಮ ಪಕ್ಷಕ್ಕೆ ಒಬ್ಬರೇ. ವೆಲ್ಷ್ ಭಾಷೆಯಲ್ಲಿ ಪ್ರಮಾಣವಚನ ತೆಗೆದುಕೊಳ್ಳುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ, ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು. ತಮ್ಮ ಸೀಟೂ ಹೋಗಬಹುದು ಎಂಬ ಅಂಜಿಕೆ ದೊಡ್ಡ ಪಕ್ಷಗಳಿಗೆ ಹುಟ್ಟಿತು. 1967ರಲ್ಲಿ ವೆಲ್ಷ್ ಭಾಷಾ ಕಾಯ್ದೆ ಬಂತು. ಹಳ್ಳಿ ಮಾತ್ರ ವಾಪಸ್ ಬರಲಿಲ್ಲ. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ.

ನಮ್ಮ ಜಿಲ್ಲೆಯೂ 1967ರಲ್ಲಿ ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿತ್ತು. ಈಗ ಮತ ಕೇಳಲು ಬಂದವರನ್ನು ಬೇಡ್ತಿಯ ಬಗ್ಗೆ ಕೇಳಿದರೆ 'ನೋಡೋಣ' ಎಂದು ಜಾರಿಕೊಳ್ಳುತ್ತಾರೆ. ಹೊಳೆ ಇದ್ದಾಗಲೇ ಕೇಳಬೇಕು. ಹೋದ ಮೇಲೆ ಗೆದ್ದು ಏನು ಬಂತು?

ತಮ್ಮಲ್ಲಿ ಒಂದು ವಿನಂತಿ. ಮುಂದಿನ ಚುನಾವಣೆ ಯಾವುದೇ ಇರಲಿ, ಬೇಡ್ತಿ ನೀರು ತಿರುಗಿಸಲು ನೀವು ಒಪ್ಪುತ್ತೀರಾ ಎಂದು ಪ್ರತಿ ಅಭ್ಯರ್ಥಿಯನ್ನೂ ಪತ್ರಿಕೆ ಕೇಳಲಿ. ಉತ್ತರವನ್ನು ಹೆಸರಿನ ಸಮೇತ ಅಚ್ಚು ಹಾಕಲಿ. ಉತ್ತರ ಕೊಡದವರ ಹೆಸರನ್ನೂ ಹಾಕಲಿ.

– ಒಬ್ಬ ಅಡಿಕೆ ಬೆಳೆಗಾರ, ಸೋಂದಾ ಹತ್ತಿರ, ಶಿರಸಿ ತಾಲ್ಲೂಕು