ಹೊಸ ಪುಸ್ತಕವನ್ನು ಇನ್ನೊಬ್ಬರ ಕೈಗಿಡುವ ಮುನ್ನ

ಸಾಗರ

ಚಿ. ಪುಟ್ಟಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನೀನು ಕಳಿಸಿದ ಲಕೋಟೆ ಹೋದ ಸೋಮವಾರ ಕೈಸೇರಿತು. ನಿಮ್ಮ ಓದುಗರ ಬಳಗದಲ್ಲಿ ಹಂಚಲೆಂದು ನೀನು ಬರೆದ, ಈಚಿನ ವರ್ಷಗಳ ಯಂಗ್ ಅಡಲ್ಟ್ ಫ್ಯಾಂಟಸಿ (ಹದಿಹರೆಯದವರಿಗಾಗಿ ಬರೆದ, ಮಾಯಾಲೋಕದ) ಕಾದಂಬರಿಗಳ ಪಟ್ಟಿಯನ್ನು ಎರಡು ಸಲ ಓದಿದೆ. ಹನ್ನೊಂದು ಪುಸ್ತಕಗಳಿವೆ, ಹನ್ನೊಂದಕ್ಕೂ ‘ತಪ್ಪದೆ ಓದಿ’ ಎಂಬ ಒಂದೇ ಮಾತಿದೆ. ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ಇನ್ನೊಂದು ಸಂಗತಿಯನ್ನೂ ಬರೆದಿದ್ದೀಯೆ: ನೀನು ಒತ್ತಾಯ ಮಾಡಿ ಕೊಟ್ಟ ಕಾದಂಬರಿಯನ್ನು ನಿನ್ನ ಕೋಣೆಯ ಗೆಳತಿ ಮರುದಿನವೇ ನಿನ್ನ ಮೇಜಿನ ಮೇಲಿಟ್ಟು ಮಾತಿಲ್ಲದೆ ಹೋದಳು, ಅದಕ್ಕೆ ಕಾರಣ ನಿನಗೆ ತಿಳಿಯಲಿಲ್ಲ ಎಂದು. ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಆ ನಾಲ್ಕು ಸಾಲುಗಳಿಗಾಗಿ.

ಆ ಪುಸ್ತಕ ಟ್ರೇಸಿ ಡಿಯಾನ್ ಅವರ ‘ಲೆಜೆಂಡ್‌ಬಾರ್ನ್’. ನಿನ್ನ ಪಟ್ಟಿಯಲ್ಲಿ ಅದರ ಮುಂದೆ ‘ಆರ್ಥರ್ ದೊರೆಯ ಕಥೆ ಇಂದಿನ ಅಮೆರಿಕದ ವಿಶ್ವವಿದ್ಯಾಲಯದಲ್ಲಿ, ರಹಸ್ಯ ಸಂಘ, ಮಂತ್ರಶಕ್ತಿ, ಕಾದಾಟ’ ಎಂದಿದೆ. ಅಷ್ಟೂ ನಿಜ. ಆದರೆ ಆ ಕಾದಂಬರಿ ತೆರೆದುಕೊಳ್ಳುವುದು ಹದಿನಾರರ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ಕುಳಿತು ತನ್ನ ತಾಯಿ ಅಪಘಾತದಲ್ಲಿ ತೀರಿಕೊಂಡ ಸುದ್ದಿಯನ್ನು ಕೇಳುವ ಹೊತ್ತಿನಿಂದ. ಮಂತ್ರ, ಸಂಘ, ಕಾದಾಟಗಳೆಲ್ಲ ಆಮೇಲೆ ಬರುತ್ತವೆ, ಮತ್ತು ಅವೆಲ್ಲದರ ಅಡಿಯಲ್ಲಿ ಕೊನೆಯವರೆಗೂ ಹರಿಯುವುದು ಆ ದುಃಖವೇ. ನಿನ್ನ ಗೆಳತಿಯ ತಾಯಿ ಹೋದ ಮಾಘದಲ್ಲಿ ತೀರಿಕೊಂಡರೆಂದು ನೀನೇ ನನಗೆ ಬರೆದಿದ್ದೆ, ಪುಟ್ಟಿ.

ಇದನ್ನು ನಿನ್ನನ್ನು ಗದರಿಸಲೆಂದು ಹೇಳುತ್ತಿಲ್ಲ. ನಿನಗೆ ಆ ಪುಸ್ತಕ ತುಂಬ ಹಿಡಿಸಿತ್ತು, ಹಿಡಿಸಿದ್ದನ್ನು ಹತ್ತಿರದವರಿಗೆ ಕೊಡಬೇಕೆನ್ನಿಸಿತು, ಅದು ಒಳ್ಳೆಯ ಮನಸ್ಸು. ಆದರೆ ಪುಸ್ತಕವನ್ನು ಮೆಚ್ಚುವುದು ಒಂದು ಕೆಲಸ, ಅದನ್ನು ಇಂಥವರು ಓದಲಿ ಎಂದು ಹೇಳುವುದು ಇನ್ನೊಂದು ಕೆಲಸ. ಮೊದಲನೆಯದರಲ್ಲಿ ನೀನು ಮತ್ತು ಪುಸ್ತಕ ಇಬ್ಬರೇ ಇರುತ್ತೀರಿ. ಎರಡನೆಯದರಲ್ಲಿ ಮೂರನೆಯವಳೊಬ್ಬಳು ಬಂದು ಕೂರುತ್ತಾಳೆ, ಅವಳ ಕಡೆಗೆ ತಿರುಗಿ ನೋಡದೆ ಆ ಕೆಲಸ ಸಾಗುವುದಿಲ್ಲ.

ಮೂವತ್ತೊಂದು ವರ್ಷ ಶಾಲಾ ಗ್ರಂಥಾಲಯದಲ್ಲಿ ಕುಳಿತ ನನಗೂ ಈ ಮಾತು ಸುಲಭವಾಗಿ ದಕ್ಕಲಿಲ್ಲ. ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು. 1931ರಲ್ಲಿ ಮದ್ರಾಸಿನಿಂದ ಅಚ್ಚಾದ ಆ ಸೂತ್ರಗಳ ಪುಸ್ತಕದಲ್ಲಿ ಎರಡನೆಯ ಸೂತ್ರ ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎನ್ನುತ್ತದೆ, ಮೂರನೆಯದು ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎನ್ನುತ್ತದೆ. ಎರಡೂ ಒಂದೇ ಅಲ್ಲವೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಬೆಂಗಳೂರಿನಲ್ಲಿ ಅವರು 1962ರಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಓದಿ ಬಂದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಒಮ್ಮೆ ಹೇಳಿದರು: ಎರಡನೆಯದರಲ್ಲಿ ನೀವು ಓದುಗನ ಮುಖ ನೋಡಿ ಕಪಾಟಿನತ್ತ ನಡೆಯುತ್ತೀರಿ, ಮೂರನೆಯದರಲ್ಲಿ ಪುಸ್ತಕ ಹಿಡಿದು ಓದುಗನನ್ನು ಹುಡುಕುತ್ತೀರಿ, ಎರಡೂ ದಾರಿ ಗೊತ್ತಿರಬೇಕು. ನಿನ್ನ ಪಟ್ಟಿ ಮೂರನೆಯ ಸೂತ್ರದಲ್ಲೇ ನಿಂತುಬಿಟ್ಟಿದೆ.

ನಾನೂ ಅಲ್ಲೇ ನಿಂತು ತಪ್ಪು ಮಾಡಿದವಳು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕನ್ನಡ ಮಾಧ್ಯಮದಿಂದ ಬಂದವಳು, ‘ಚಂದಮಾಮ’ದ ಹಳೆಯ ಸಂಪುಟಗಳನ್ನೆಲ್ಲ ಮುಗಿಸಿದ್ದಳು, ಬೇತಾಳನ ಕಥೆಗಳನ್ನು ಉಳಿದ ಮಕ್ಕಳಿಗೆ ಹೇಳುತ್ತಿದ್ದಳು. ಅವಳಿಗೆ ನಾನು ಆ ವರ್ಷವಷ್ಟೇ ಬಂದಿದ್ದ, ನನಗೆ ರಾತ್ರಿಯಿಡೀ ನಿದ್ದೆಗೆಡಿಸಿದ್ದ ದಪ್ಪನೆಯ ಇಂಗ್ಲಿಷ್ ಫ್ಯಾಂಟಸಿಯೊಂದನ್ನು ಕೊಟ್ಟೆ. ನೀನು ಓದಲೇಬೇಕು ಎಂದೆ. ಮೂರು ವಾರ ಅದು ಅವಳ ಬಳಿ ಇತ್ತು. ಮರಳಿ ಬಂದಾಗ ಗುರುತಿಗೆಂದು ಇಟ್ಟಿದ್ದ ಹಿಡಿಕಡ್ಡಿಯ ತುಂಡು ಹದಿನಾಲ್ಕನೆಯ ಪುಟದಲ್ಲೇ ಇತ್ತು, ಆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಣ್ಣ ಅಕ್ಷರದಲ್ಲಿ ಏಳೆಂಟು ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಬರೆದು ಆಮೇಲೆ ಅಳಿಸಿದ ಗುರುತು ಇತ್ತು. ಆ ಮಗು ಪುಸ್ತಕ ಮುಗಿಸಲಾಗದ್ದು ತನ್ನ ಕೊರತೆ ಎಂದುಕೊಂಡಿತು. ಆ ವರ್ಷದ ಉಳಿದ ತಿಂಗಳುಗಳಲ್ಲಿ ಅವಳು ನನ್ನ ಮೇಜಿನ ಬಳಿ ಬರಲಿಲ್ಲ. ಅಳಿಸಿದ ಆ ಪೆನ್ಸಿಲ್ ಗುರುತು ಈಗಲೂ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಮೊದಲು ಕೇಳುವುದನ್ನು ರೂಢಿ ಮಾಡಿಕೊ. ‘ನಿನಗೆ ಎಂಥ ಪುಸ್ತಕ ಇಷ್ಟ’ ಎಂದು ಕೇಳಬೇಡ, ಅದಕ್ಕೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ‘ಈಚೆಗೆ ಯಾವುದನ್ನು ಮೆಚ್ಚಿ ಓದಿದೆ, ಅದರಲ್ಲಿ ಏನು ಹಿಡಿಸಿತು’ ಎಂದು ಕೇಳಿ ಸುಮ್ಮನೆ ಕೇಳಿಸಿಕೊ. ಅಮೆರಿಕದ ಸಿಯಾಟಲ್‌ನಲ್ಲಿ ಗ್ರಂಥಪಾಲಕಿಯಾಗಿದ್ದ ನ್ಯಾನ್ಸಿ ಪರ್ಲ್ ಅವರು, ಓದುಗ ಪುಸ್ತಕದೊಳಕ್ಕೆ ಹೋಗುವುದು ಕಥೆ, ಪಾತ್ರ, ಆವರಣ, ಭಾಷೆ ಎಂಬ ನಾಲ್ಕು ಬಾಗಿಲುಗಳಲ್ಲಿ ಯಾವುದೋ ಒಂದರ ಮೂಲಕ ಎನ್ನುತ್ತಾರೆ. ‘ಆಮೇಲೇನಾಯಿತು ಎಂದು ತಿಳಿಯುವವರೆಗೆ ಊಟ ಸೇರಲಿಲ್ಲ’ ಎಂದವಳಿಗೆ ಕಥೆಯ ಬಾಗಿಲು. ‘ಆ ಊರಿಗೆ ಹೋಗಿ ಇದ್ದುಬಿಡೋಣ ಅನ್ನಿಸಿತು’ ಎಂದವಳಿಗೆ ಆವರಣದ ಬಾಗಿಲು. ಫ್ಯಾಂಟಸಿಯಲ್ಲಿ ಈ ವಿವೇಚನೆ ಇನ್ನೂ ಮುಖ್ಯ, ಏಕೆಂದರೆ ಹೊಸ ಲೋಕವನ್ನು ಕಟ್ಟಲು ಲೇಖಕರು ತೆಗೆದುಕೊಳ್ಳುವ ಮೊದಲ ನೂರು ಪುಟಗಳು ಒಬ್ಬಳಿಗೆ ಹಬ್ಬವಾದರೆ ಇನ್ನೊಬ್ಬಳಿಗೆ ಮರಳ ಹಾದಿ. ನೀನು ಬರೆದ ಹನ್ನೊಂದು ಟಿಪ್ಪಣಿಗಳಲ್ಲಿ ಯಾವುದಕ್ಕೆ ಯಾವ ಬಾಗಿಲೆಂದು ನನಗೆ ತಿಳಿಯಲಿಲ್ಲ. ಕಥಾಸಾರ ಇದೆ, ಆದರೆ ಓಟ ಹೇಗಿದೆ, ಪುಟ ಎಷ್ಟು, ಇಂಗ್ಲಿಷ್ ಎಷ್ಟು ಬಿಗಿ, ಯಾರ ಕಣ್ಣಿನಿಂದ ಕಥೆ ಸಾಗುತ್ತದೆ ಎಂಬುದು ಎಲ್ಲೂ ಇಲ್ಲ.

ಅದೇ ನ್ಯಾನ್ಸಿ ಪರ್ಲ್ ಅವರ ಇನ್ನೊಂದು ಸಲಹೆಯೂ ಇದೆ: ಐವತ್ತರೊಳಗಿನವರು ಐವತ್ತು ಪುಟ ಓದಿ ಹಿಡಿಸದಿದ್ದರೆ ಬಿಡಬಹುದು, ಐವತ್ತು ದಾಟಿದವರು ನೂರರಿಂದ ವಯಸ್ಸನ್ನು ಕಳೆದಷ್ಟು ಪುಟ ಓದಿದರೆ ಸಾಕು. ಇದು ಓದುವವರಿಗೆ ಸಿಕ್ಕ ಬಿಡುಗಡೆ. ಶಿಫಾರಸು ಮಾಡುವವರಿಗೆ ಈ ಬಿಡುಗಡೆ ಇಲ್ಲ. ನಿನ್ನ ಪಟ್ಟಿಯ ಎರಡು ಪುಸ್ತಕಗಳನ್ನು ನೀನು ಇನ್ನೂ ಅರ್ಧವಷ್ಟೇ ಓದಿರುವುದಾಗಿ ಪತ್ರದಲ್ಲಿ ಬರೆದಿದ್ದೀಯೆ, ಆದರೆ ಪಟ್ಟಿಯಲ್ಲಿ ಅದನ್ನು ಹೇಳಿಲ್ಲ. ದಯವಿಟ್ಟು ಆ ಎರಡನ್ನು ಸದ್ಯಕ್ಕೆ ತೆಗೆದುಬಿಡು. ಕೊನೆಯ ನೂರು ಪುಟಗಳಲ್ಲಿ ಏನು ಬರುತ್ತದೆಂದು ತಿಳಿಯದೆ ಇನ್ನೊಬ್ಬರನ್ನು ಆ ಹಾದಿಗೆ ಕಳಿಸುವುದು ಸರಿಯಲ್ಲ.

ವಯಸ್ಸಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪ್ರಕಾರದಲ್ಲಿ ಈಗ ಗೊಂದಲ ಹೆಚ್ಚು. ಅಮೆರಿಕದ ಗ್ರಂಥಪಾಲಕರು ಯಂಗ್ ಅಡಲ್ಟ್ ಎಂದರೆ 12ರಿಂದ 18 ವರ್ಷದವರು ಎಂದು ಗುರುತಿಸುತ್ತಾರೆ. ಆದರೆ ಅಂಗಡಿಯಲ್ಲಿ ಅದೇ ಬಗೆಯ ಹೊಳೆಯುವ ಹೊದಿಕೆ, ಅಂಚಿಗೆ ಬಣ್ಣ ಬಳಿದ ಹಾಳೆ, ಕತ್ತಿ, ಕಿರೀಟ, ಡ್ರ್ಯಾಗನ್‌ಗಳೊಂದಿಗೆ ದೊಡ್ಡವರಿಗಾಗಿ ಬರೆದ ಕಾದಂಬರಿಗಳೂ ಪಕ್ಕದಲ್ಲೇ ಕುಳಿತಿರುತ್ತವೆ. ನಿನ್ನ ಪಟ್ಟಿಯ ಏಳನೆಯದು, 2023ರಲ್ಲಿ ಬಂದ ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’, ವಯಸ್ಕರ ಕಾದಂಬರಿ. ಅದರಲ್ಲಿ ಏನೇನಿದೆ ಎಂಬ ಎಚ್ಚರಿಕೆಯನ್ನು ಪುಸ್ತಕದ ಆರಂಭದಲ್ಲೇ ಅಚ್ಚು ಮಾಡಿದ್ದಾರೆ. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ 2015ರಲ್ಲಿ ಯಂಗ್ ಅಡಲ್ಟ್ ಎಂದೇ ಬಂದಿತ್ತು, 2020ರಲ್ಲಿ ಹೊಸ ಹೊದಿಕೆಯೊಂದಿಗೆ ವಯಸ್ಕರ ಸಾಲಿಗೆ ಹೋಯಿತು. ನಿನಗೆ ಇಪ್ಪತ್ತು ತುಂಬಿದೆ, ಏನು ಓದಬೇಕೆಂಬುದು ನಿನ್ನ ಇಚ್ಛೆ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ನಿಮ್ಮ ಬಳಗಕ್ಕೆ ಪಿಯುಸಿಯ ಮಕ್ಕಳೂ, ಅವರ ಬೆನ್ನಿಗೆ ಎಂಟನೆಯ ತರಗತಿಯ ತಂಗಿಯರೂ ಬರುತ್ತಾರಲ್ಲ, ಅವರ ಎದುರಿಗೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಇಡಬೇಡ. ಆ ಚಿಕ್ಕವರಿಗೆ ರೋಶನಿ ಚೋಕ್ಷಿ ಅವರ, ‘ಆರು ಶಾ’ ಎಂಬ ಹುಡುಗಿಯ ಹೆಸರಿನ ಸರಣಿ ಇದೆ. 2018ರಲ್ಲಿ ಶುರುವಾಗಿ 2022ರಲ್ಲಿ ಐದನೆಯ ಪುಸ್ತಕದೊಂದಿಗೆ ಪೂರ್ಣವಾಗಿದೆ, ಪಾಂಡವರು ಈ ಕಾಲದ ಹುಡುಗಿಯರಾಗಿ ಮರಳಿ ಹುಟ್ಟುವ ಕಥೆ. ಅಜ್ಜಿಯ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ, ಅವರು ಅದನ್ನು ಅಮೆರಿಕದ ಮಕ್ಕಳಿಗಿಂತ ಬೇರೆ ರೀತಿಯಲ್ಲಿ ಓದುತ್ತಾರೆ, ಜಗಳವಾಡುತ್ತಲೇ ಓದುತ್ತಾರೆ. ಆ ಜಗಳ ಒಳ್ಳೆಯದು.

ಹಾಗೆಯೇ ಸರಣಿಗಳ ವಿಷಯದಲ್ಲಿ ನಿಜ ಹೇಳು. ಈಗಿನ ಫ್ಯಾಂಟಸಿಗಳಲ್ಲಿ ಒಂಟಿ ಪುಸ್ತಕ ಕಡಿಮೆ. ‘ಲೆಜೆಂಡ್‌ಬಾರ್ನ್’ 2020ರಲ್ಲಿ, ಎರಡನೆಯದು 2022ರಲ್ಲಿ, ಮೂರನೆಯದಾದ ‘ಓತ್‌ಬೌಂಡ್’ 2025ರ ಮಾರ್ಚ್‌ನಲ್ಲಿ ಬಂದವು. ನೀನು ಮೂರನೆಯದನ್ನು ‘ಹೊಸತು’ ಎಂಬ ತಲೆಬರಹದಡಿ ಒಂಟಿಯಾಗಿ ಹಾಕಿದ್ದೀಯೆ; ಮೊದಲೆರಡನ್ನು ಓದದವಳಿಗೆ ಅದು ಏನೂ ಅರ್ಥವಾಗದು. ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ 2018ರಲ್ಲಿ ಬಂತು, ಎರಡನೆಯದು ಮರುವರ್ಷ, ಮೂರನೆಯದಕ್ಕೆ ಓದುಗರು 2024ರವರೆಗೆ ಕಾದರು. ಕಾಯುವುದು ಕೆಲವರಿಗೆ ಸುಖ, ಕೆಲವರಿಗೆ ಸಂಕಟ. ಯಾವುದು ಪೂರ್ಣವಾಗಿದೆ, ಯಾವುದು ನಡುನೀರಿನಲ್ಲಿ ಬಿಟ್ಟು ಹೋಗುತ್ತದೆ ಎಂದು ಮೊದಲೇ ಒಂದು ಸಾಲು ಬರೆದರೆ ಕೊಳ್ಳುವವರ ಹಣವೂ ಉಳಿಯುತ್ತದೆ.

ಅಡೆಯೆಮಿ ಅವರ ಪುಸ್ತಕಕ್ಕೆ ನೀನು ‘ಮ್ಯಾಜಿಕ್ ಸಿಸ್ಟಂ’, ಅಂದರೆ ಮಂತ್ರಶಕ್ತಿಯ ಕಟ್ಟುಪಾಡು, ‘ಸೊಗಸಾಗಿದೆ’ ಎಂದಷ್ಟೇ ಬರೆದಿರುವುದು ನನಗೆ ಕೊರೆಯಿತು. ಅಲ್ಲಿನ ದೇವತೆಗಳನ್ನು ಲೇಖಕಿ ಶೂನ್ಯದಿಂದ ಕಲ್ಪಿಸಿದ್ದಲ್ಲ. ಅವು ಪಶ್ಚಿಮ ಆಫ್ರಿಕದ ಯೊರುಬಾ ಜನರ ನಂಬಿಕೆಯಿಂದ ಬಂದವು, ಆ ನಂಬಿಕೆ ಇಂದಿಗೂ ಬದುಕಿದೆ. ನಮ್ಮ ತುಳುನಾಡಿನ ಭೂತಾರಾಧನೆಯನ್ನು ಕಂಡು ಯಾರಾದರೂ ‘ಸಿಸ್ಟಂ ಸೊಗಸಾಗಿದೆ’ ಎಂದರೆ ನಿನ್ನ ಅಮ್ಮನ ತವರಿನವರಿಗೆ ಹೇಗನ್ನಿಸೀತು, ಯೋಚಿಸು. ಆ ಕಾದಂಬರಿಯ ಕೊನೆಯಲ್ಲಿ ಲೇಖಕಿಯ ಟಿಪ್ಪಣಿ ಇದೆ. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸತ್ತ ಕಪ್ಪು ಜನರ ಸುದ್ದಿಗಳ ನಡುವೆ ತಾವು ಇದನ್ನು ಬರೆದುದಾಗಿ ಅವರು ಹೇಳುತ್ತಾರೆ. ಆ ಎರಡು ಪುಟ ಓದಿದ ಮೇಲೆ ಇಡೀ ಐನೂರು ಚಿಲ್ಲರೆ ಪುಟಗಳ ಬಣ್ಣವೇ ಬೇರೆಯಾಗುತ್ತದೆ. ನಿನ್ನ ಬಳಗಕ್ಕೆ ಹೇಳಬೇಕಾದದ್ದು ಅದು.

ಇನ್ನು ಪುಸ್ತಕ ಬಿಡುಗಡೆಯಾಗುವ ಮುಂಚೆ ಪ್ರಕಾಶಕರಿಂದ ಪುಕ್ಕಟೆ ಪ್ರತಿ ಸಿಗುವ ಸಂಗತಿ. ಸಿಕ್ಕರೆ ಓದು, ಆದರೆ ಪುಕ್ಕಟೆ ಬಂದದ್ದೆಂದು ಮೊದಲ ಸಾಲಿನಲ್ಲೇ ಬರೆ. ನಮ್ಮ ದೇಶದ ಗ್ರಾಹಕ ವ್ಯವಹಾರ ಇಲಾಖೆಯೂ 2023ರ ಜನವರಿಯಲ್ಲಿ ಇಂಥದ್ದನ್ನು ಬಹಿರಂಗವಾಗಿ ತಿಳಿಸಬೇಕೆಂದು ಮಾರ್ಗಸೂಚಿ ತಂದಿದೆ. ಕಾನೂನಿನ ಮಾತು ಹಾಗಿರಲಿ, ನಿನ್ನ ಮಾತನ್ನು ನಂಬಿ ಐನೂರು ರೂಪಾಯಿ ಕೊಡುವ ಹುಡುಗಿಗೆ ಅದು ತಿಳಿದಿರಬೇಕು. ಬಿಡುಗಡೆಯ ದಿನವೇ ಎಲ್ಲರಿಗಿಂತ ಮೊದಲು ಹೇಳಬೇಕೆಂಬ ಧಾವಂತವೂ ಬೇಡ. ಒಂದು ತಿಂಗಳು ತಡವಾದರೆ ಪುಸ್ತಕ ಹಳಸುವುದಿಲ್ಲ.

ಪಟ್ಟಿಯನ್ನು ಹೇಗೆ ಬರೆಯಲಿ ಎಂದು ನೀನು ಕೇಳುವೆಯೆಂದು, ಲೆಜೆಂಡ್‌ಬಾರ್ನ್‌ಗೆ ನಾನಾಗಿದ್ದರೆ ಬರೆಯುತ್ತಿದ್ದುದನ್ನು ಕೆಳಗೆ ಇಡುತ್ತೇನೆ. ‘ತಾಯಿಯನ್ನು ಕಳೆದುಕೊಂಡ ಹದಿನಾರರ ಕಪ್ಪು ಹುಡುಗಿಯೊಬ್ಬಳು ಉತ್ತರ ಕೆರೊಲೈನಾದ ವಿಶ್ವವಿದ್ಯಾಲಯಕ್ಕೆ ಬಂದು, ಆರ್ಥರ್ ದೊರೆಯ ವೀರರ ವಂಶಜರ ರಹಸ್ಯ ಸಂಘವನ್ನು ಕಂಡು, ತಾಯಿಯ ಸಾವಿನ ಹಿಂದಿನ ಸತ್ಯಕ್ಕಾಗಿ ಅದರೊಳಗೆ ನುಗ್ಗುತ್ತಾಳೆ. ಸಾವು ಮೊದಲ ಪುಟಗಳಲ್ಲೇ ಇದೆ, ದುಃಖ ಕೊನೆಯವರೆಗೂ ಇದೆ. ಗುಲಾಮಗಿರಿಯ ಚರಿತ್ರೆಯ ಕ್ರೌರ್ಯವೂ ಇದೆ. ಪಾತ್ರವನ್ನು ಹಿಡಿದು ಓದುವವರಿಗೆ. ಸಂಘದ ಹೆಸರು, ಪದವಿ, ಕುಲಗಳು ತುಂಬ, ಮೊದಲಿಗೆ ತಾಳ್ಮೆ ಬೇಕು. ಸರಣಿಯ ಮೊದಲನೆಯದು, ಮೂರು ಬಂದಿವೆ, ಕಥೆ ಇನ್ನೂ ಮುಗಿದಿಲ್ಲ.’ ಇದರಲ್ಲಿ ಕಥೆಯ ಗುಟ್ಟು ಯಾವುದೂ ಹೊರಬಿದ್ದಿಲ್ಲ, ಆದರೂ ನಿನ್ನ ಗೆಳತಿ ಇದನ್ನು ಓದಿದ್ದರೆ ಪುಸ್ತಕ ತೆರೆಯಬೇಕೋ ಬೇಡವೋ, ಈಗಲೋ ಮುಂದೆಂದಾದರೂ ಒಮ್ಮೆಯೋ ಎಂದು ತಾನೇ ತೀರ್ಮಾನಿಸುತ್ತಿದ್ದಳು. ‘ತಪ್ಪದೆ ಓದಿ’ ಎಂಬ ಮಾತು ಆ ತೀರ್ಮಾನವನ್ನು ಅವಳಿಂದ ಕಿತ್ತುಕೊಂಡಿತು.

ಆ ಹುಡುಗಿಯ ಬಳಿಗೆ ನೀನೇ ಹೋಗು. ಪುಸ್ತಕದ ಬಗ್ಗೆ ಸಮರ್ಥನೆ ಬೇಡ. ‘ಮೊದಲ ಪುಟದಲ್ಲೇ ಏನಿದೆಯೆಂದು ನನಗೆ ಗೊತ್ತಿತ್ತು, ನಿನಗೆ ಹೇಳುವುದನ್ನು ಮರೆತೆ, ತಪ್ಪಾಯಿತು’ ಎಂದಷ್ಟು ಹೇಳಿ ಅವಳ ಪಕ್ಕ ಕುಳಿತುಕೊ. ಅವಳು ಮಾತಾಡಿದರೆ ಕೇಳು, ಮಾತಾಡದಿದ್ದರೆ ಸುಮ್ಮನಿರು. ಆ ಪ್ರತಿಯನ್ನು ಬೇರೆ ಯಾರಿಗೂ ಕೊಟ್ಟುಬಿಡಬೇಡ, ನಿನ್ನ ಕಪಾಟಿನಲ್ಲಿ ಅವಳ ಕೈಗೆಟಕುವಂತೆ ಇರಲಿ; ತಾಯಿಯನ್ನು ಕಳೆದುಕೊಂಡ ಹುಡುಗಿಯ ಕಥೆಯನ್ನು ಅವಳು ಎಂದಾದರೂ ತಾನಾಗಿಯೇ ಕೇಳಬಹುದು.

ನಿಮ್ಮ ಅಪ್ಪನಿಗೆ ಈ ಸಲ ಉಪ್ಪಿನಕಾಯಿಗೆ ಅಪ್ಪೆಮಿಡಿ ಚೆನ್ನಾಗಿ ಸಿಕ್ಕಿದೆಯೆಂದು ತಿಳಿಸು. ತಿದ್ದಿದ ಪಟ್ಟಿಯನ್ನು ಕಳಿಸಿಕೊಡು, ಪೆನ್ಸಿಲ್ ಹಿಡಿದು ಓದುತ್ತೇನೆ.

ಇತಿ ನಿನ್ನ ಪ್ರೀತಿಯ
ಅತ್ತೆ